ಕ್ರೇನ್ ನಿಂತಿತು, ಡೈ ನಿಲ್ಲಲಿಲ್ಲ

ಆಪರೇಟರ್ ಬಟನ್ ಬಿಟ್ಟಿದ್ದ, ಎಲ್‌ಟಿ (ಶೆಡ್ಡಿನ ಉದ್ದಕ್ಕೆ ಕ್ರೇನಿನ ಓಟ) ನಿಂತಾಗಿತ್ತು. ಕೆಳಗೆ ತೂಗುತ್ತಿದ್ದ ಮೂರು ಟನ್ ಡೈ (ಪ್ರೆಸ್ಸಿನ ಅಚ್ಚು) ಮಾತ್ರ ಒಂದು ಗೇಣು ಮುಂದಕ್ಕೆ, ಪ್ರೆಸ್ಸಿನ ಕಂಬದ ಕಡೆಗೆ ಹೊರಟಿತ್ತು. ಹೆಲ್ಪರ್ ಹುಡುಗ ತೆರೆದ ಬಾಗಿಲನ್ನು ತಡೆಯುವವನ ಹಾಗೆ ಅಂಗೈ ಚಾಚಿದ. ನಾನು "ಎಮರ್ಜೆನ್ಸಿ ಒತ್ತೋ!" ಅಂತ ಕಿರುಚಿದೆ. ಹಳೇ ಖಲಾಸಿ ಏನನ್ನೂ ಕಿರುಚಲಿಲ್ಲ, ಹುಡುಗನ ಕಾಲರ್ ಹಿಡಿದು ಹಿಂದಕ್ಕೆ ಎಳೆದುಕೊಂಡ. ಡೈ ಕಂಬದ ಗಾರ್ಡ್‌ಗೆ ಬಡಿಯಿತು. ಗಾರ್ಡ್ ಶೀಟಿನಲ್ಲಿ ಬಿದ್ದ ತಗ್ಗು ಈಗಲೂ ಹಾಗೇ ಇದೆ.

ಎಮರ್ಜೆನ್ಸಿ ಒತ್ತಿಸಿದ್ದು ಶುದ್ಧ ದಡ್ಡತನ. ಅದು ಕ್ರೇನನ್ನು ನಿಲ್ಲಿಸುತ್ತದೆ, ಭಾರವನ್ನಲ್ಲ. ಕ್ರೇನ್ ಆಗಲೇ ನಿಂತಿತ್ತು. ಭಾರ ಹೋಗುವ ಕಡೆಗೇ ಸ್ವಲ್ಪ ಹಿಂಬಾಲಿಸಿ ಹುಕ್ಕನ್ನು ಅದರ ನೆತ್ತಿಯ ಮೇಲೆ ತಂದು ತೂಗಾಟ ಕೊಲ್ಲುವ ಒಂದೇ ದಾರಿ ಉಳಿದಿತ್ತು, ಪವರ್ ತೆಗೆಸಿ ಅದನ್ನೂ ಮುಚ್ಚಿದೆ. ಆಮೇಲೆ ಡೈ ತಾನಾಗಿ ಸುಮ್ಮನಾಗುವವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತೆವು.

ಅದಕ್ಕಿಂತ ದೊಡ್ಡ ತಪ್ಪು ಅದಕ್ಕೆ ಮುಂಚೆಯೇ ಪ್ಯಾನೆಲ್ಲಿನಲ್ಲಿ ನಡೆದಿತ್ತು. ಎಲ್‌ಟಿ ಡ್ರೈವಿನ (ಮೋಟರಿನ ವೇಗ ಏರಿಳಿಸುವ ಪೆಟ್ಟಿಗೆಯ) ಆಕ್ಸೆಲ್, ಡಿಸೆಲ್, ಅಂದರೆ ಪೂರ್ತಿ ವೇಗಕ್ಕೆ ಏರುವ ಮತ್ತು ಇಳಿದು ನಿಲ್ಲುವ ಕಾಲ, ಎರಡೂ 5 ಸೆಕೆಂಡಿಗೆ ಇದ್ದವು. ಡೈ ಚೇಂಜ್ ನಿಧಾನ ಅಂತ ಪ್ರೊಡಕ್ಷನ್ನಿನವರ ಒಂದೇ ರಗಳೆ. ಎರಡನ್ನೂ 2.5 ಮಾಡಿದೆ. ಖಾಲಿ ಹುಕ್ಕನ್ನು ಪೂರ್ತಿ ಮೇಲಕ್ಕೆತ್ತಿ, ಫುಲ್ ಸ್ಪೀಡಲ್ಲಿ ಓಡಿಸಿ ನಿಲ್ಲಿಸಿ ನೋಡಿದೆ. ಒಂದಿಷ್ಟೂ ತೂಗಲಿಲ್ಲ. ಸೈನ್ ಹಾಕಿದೆ. "ಲೋಡ್ ಹಾಕಿದರೆ ಭಾರಕ್ಕೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತೆ" ಅಂತ ಬೇರೆ ಹೇಳಿದ್ದೆ.

ಹುಕ್ ಮೇಲಿದ್ದಾಗ ತೂಗುವ ಉದ್ದ 1.5 ಮೀಟರ್. ಡೈ ಸಾಗಿಸುವಾಗ ನೆಲದಿಂದ ಒಂದಡಿ ಎತ್ತರದಲ್ಲಷ್ಟೇ ಹಿಡಿಯುತ್ತೇವೆ. ಆಗ ಮೇಲಿನ ಪುಲ್ಲಿಯಿಂದ ಡೈಯ ಗುರುತ್ವ ಕೇಂದ್ರದವರೆಗೆ, ಸ್ಲಿಂಗೂ ಸೇರಿ, 6 ಮೀಟರ್. ಉದ್ದವನ್ನು 9.8ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಗುಣಿಸಿದರೆ ಒಂದು ಪೂರ್ತಿ ತೂಗಾಟದ ಕಾಲ ಸಿಗುತ್ತದೆ. 1.5 ಮೀಟರಿಗೆ 2.46 ಸೆಕೆಂಡ್, 6 ಮೀಟರಿಗೆ 4.91. ಈ ಲೆಕ್ಕದಲ್ಲಿ ಟನ್ ಎಲ್ಲೂ ಬರುವುದಿಲ್ಲ. ದ್ರವ್ಯರಾಶಿ ಎರಡು ಪಟ್ಟಾದರೆ ಭೂಮಿ ಎಳೆಯುವ ಬಲವೂ ಎರಡು ಪಟ್ಟು, ಅಲುಗಿಸಲು ಬೇಕಾದ ಬಲವೂ ಎರಡು ಪಟ್ಟು. ಒಂದಕ್ಕೊಂದು ವಜಾ. ನ್ಯೂಟನ್ ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಕೊನೆಗೆ ಗೋಧಿಯನ್ನೂ ಒಂದೇ ಉದ್ದದ ದಾರದಲ್ಲಿ ತೂಗುಬಿಟ್ಟು ಇದನ್ನೇ ಪರೀಕ್ಷಿಸಿದ್ದ, 1687ರ ಪುಸ್ತಕದಲ್ಲಿ ಬರೆದೂ ಇಟ್ಟಿದ್ದ. ನಾನು ಖಾಲಿ ಹುಕ್ಕಲ್ಲಿ ಟೆಸ್ಟ್ ಮಾಡಿದ್ದು ತಪ್ಪಲ್ಲ, ಮೇಲಿನ ಹುಕ್ಕಲ್ಲಿ ಮಾಡಿದ್ದು ತಪ್ಪು.

ರ‍್ಯಾಂಪಿಗೂ (ಆ ಆಕ್ಸೆಲ್, ಡಿಸೆಲ್ ಕಾಲಕ್ಕೂ) ಇದಕ್ಕೂ ಏನು ಸಂಬಂಧ ಅಂದರೆ: ಕ್ರೇನ್ ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಿದ್ದಷ್ಟು ಹೊತ್ತೂ ಹಗ್ಗದ ಸಮತೋಲದ ಜಾಗ ನೆಟ್ಟಗಿರುವುದಿಲ್ಲ, ಹಿಂದಕ್ಕೆ ಸ್ವಲ್ಪ ಓರೆಯಾಗಿರುತ್ತದೆ. ಭಾರ ನೆಟ್ಟಗಿನಿಂದ ಹೊರಟು, ಆ ಓರೆಯನ್ನು ದಾಟಿ, ಅದರ ಎರಡರಷ್ಟು ಹಿಂದೆ ಬಿದ್ದು, ಮತ್ತೆ ನೆಟ್ಟಗೆ ಬರುತ್ತದೆ. ಹೀಗೆ ಹೋಗಿ ಬರಲು ಒಂದು ಪೂರ್ತಿ ತೂಗಾಟದ ಕಾಲ ಬೇಕು. ರ‍್ಯಾಂಪ್ ಸರಿಯಾಗಿ ಆ ಗಳಿಗೆಯಲ್ಲಿ ಮುಗಿದರೆ ಭಾರ ಹುಕ್ಕಿನ ಕೆಳಗೆ, ಹುಕ್ಕಿನ ವೇಗದಲ್ಲೇ, ಅಲುಗದೆ ಇರುತ್ತದೆ. ಅರ್ಧ ಕಾಲದಲ್ಲಿ ಮುಗಿದರೆ ಅತಿ ಹಿಂದೆ ಬಿದ್ದಿರುವಾಗಲೇ ಕೈಬಿಟ್ಟಂತೆ. ನಿಲ್ಲಿಸುವಾಗಲೂ ಇದೇ, ದಿಕ್ಕು ಮಾತ್ರ ಮುಂದಕ್ಕೆ.

ಈಗ ನನ್ನ 2.5 ನೋಡಿ. 1.5 ಮೀಟರಿಗೆ ಅದು ಹೆಚ್ಚುಕಮ್ಮಿ ಪೂರ್ತಿ ಕಾಲ, ಅದಕ್ಕೇ ಖಾಲಿ ಹುಕ್ ಸಾಧುವಿನ ಹಾಗೆ ನಿಂತದ್ದು. 6 ಮೀಟರಿಗೆ ಅದು ಸರಿಯಾಗಿ ಅರ್ಧ. ಹುಡುಕಿ ಇಡಲು ಹೊರಟರೂ ಇಷ್ಟು ಕೆಟ್ಟ ನಂಬರ್ ಸಿಗುತ್ತಿರಲಿಲ್ಲ. ವೇಗ ಮಿನಿಟಿಗೆ 30 ಮೀಟರ್, ಅಂದರೆ ಸೆಕೆಂಡಿಗೆ ಅರ್ಧ ಮೀಟರ್. 2.5 ಸೆಕೆಂಡಲ್ಲಿ ನಿಲ್ಲಿಸಿದರೆ ವೇಗೋತ್ಕರ್ಷ 0.2. ಆ 0.2ನ್ನು 9.8ರಿಂದ ಭಾಗಿಸಿ, 6 ಮೀಟರಿಂದ ಗುಣಿಸಿ, ಎರಡು ಪಟ್ಟು ಮಾಡಿದರೆ ಸುಮಾರು 24.5 ಸೆಂಟಿಮೀಟರ್. ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು. ಹಳೆಯ 5 ಸೆಕೆಂಡಲ್ಲಿ ಇದು ಒಂದು ಸೆಂಟಿಮೀಟರನ್ನೂ ಮುಟ್ಟುತ್ತಿರಲಿಲ್ಲ. ಕಮಿಷನಿಂಗ್ ಮಾಡಿದವನು 5 ಅಂತ ಸುಮ್ಮನೆ ಇಟ್ಟಿರಲಿಲ್ಲ. ಯಾಕೆ ಇಟ್ಟೆ ಅಂತ ಎಲ್ಲೂ ಬರೆದಿಡಲಿಲ್ಲ, ಪುಣ್ಯಾತ್ಮ.

ಇಷ್ಟೆಲ್ಲ ಮಾಡಿ ಉಳಿದದ್ದು ಒಂದು ಓಟಕ್ಕೆ 2.5 ಸೆಕೆಂಡ್. ತೂಗಾಟ ನಿಲ್ಲಲಿ ಅಂತ ಕಾಯುವುದಕ್ಕೆ ಅದರ ಹತ್ತು ಪಟ್ಟು. ಸೈಕಲ್ ಟೈಮ್ ಶೀಟಿನಲ್ಲಿ ಕಾಯುವುದಕ್ಕೆ ಕಾಲಂ ಇಲ್ಲ.

ಇನ್ನು ಹುಡುಗನ ಅಂಗೈ. ತೂಗಾಟದ ಕಾಲದಿಂದ ದ್ರವ್ಯರಾಶಿ ಜಾರಿಕೊಳ್ಳುತ್ತದೆ, ಅಂಗೈಯಿಂದ ಜಾರಿಕೊಳ್ಳುವುದಿಲ್ಲ. ತೂಗುವ ಡೈಯನ್ನು ಒಂದು ಕೈಯಲ್ಲಿ ನೂಕಿದರೆ ಜರುಗುತ್ತದೆ, ಅದನ್ನು ನೋಡಿಯೇ ಎಲ್ಲರೂ ಮೋಸಹೋಗುವುದು. ತೂಕವನ್ನು ಹಗ್ಗ ಹೊತ್ತಿದೆ, ಜಡತ್ವವನ್ನು ಯಾರೂ ಹೊತ್ತಿಲ್ಲ. 100 ನ್ಯೂಟನ್, ಅಂದರೆ ಸುಮಾರು 10 ಕೆಜಿ ತೂಕದಷ್ಟು ಬಲದಲ್ಲಿ ನೂಕಿದರೆ 3000 ಕೆಜಿಗೆ ಸಿಗುವ ವೇಗೋತ್ಕರ್ಷ 0.033. ಮೂರು ಸೆಕೆಂಡ್ ನೂಕಿದರೆ ವೇಗ ಸೆಕೆಂಡಿಗೆ 10 ಸೆಂಟಿಮೀಟರ್. ಹಾಗೆ ನಿಧಾನಕ್ಕೆ ಕೊಟ್ಟದ್ದನ್ನು ನಿಧಾನಕ್ಕೇ ವಾಪಸ್ ತೆಗೆದುಕೊಳ್ಳಬೇಕು. ಅವತ್ತು ಡೈ ನಡುವಿನಲ್ಲಿ ಸೆಕೆಂಡಿಗೆ 31 ಸೆಂಟಿಮೀಟರ್ ವೇಗದಲ್ಲಿತ್ತು. ಸಂವೇಗ 940. 30 ಕೆಜಿ ತೂಕದಷ್ಟು ಬಲದಲ್ಲಿ ಕಾಲೂರಿ ತಡೆದರೂ ನಿಲ್ಲಲು ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಕಂಬ ಬಂದುಬಿಡುತ್ತದೆ.

ಕೈ ನಡುವೆ ಸಿಕ್ಕಿದ್ದರೆ? ಚಲನಶಕ್ತಿ ಸುಮಾರು 147 ಜೂಲ್. ಕೇಳಲು ಏನೂ ಅಲ್ಲ, 15 ಕೆಜಿ ಮೂಟೆ ಒಂದು ಮೀಟರಿಂದ ಬಿದ್ದಷ್ಟು. ಆದರೆ ನಿಲ್ಲಲು ಸಿಗುವ ದೂರ ಕೈಯ ದಪ್ಪ ಮಾತ್ರ. 2 ಸೆಂಟಿಮೀಟರಲ್ಲಿ ನಿಲ್ಲಬೇಕಾದರೆ ಸರಾಸರಿ ಬಲ 7350 ನ್ಯೂಟನ್, ಮುಕ್ಕಾಲು ಟನ್. ಕಂಬದ ಹತ್ತಿರ ಬರುವಷ್ಟರಲ್ಲಿ ವೇಗ ಇಳಿದಿರುತ್ತದೆ ಅನ್ನಿ, ಅರ್ಧವಾಗಿದ್ದರೂ ಬಲ ಕಾಲು ಭಾಗ, 180 ಕೆಜಿಯ ಮೇಲೆ. ಬೆರಳಿಗೆ ಅಷ್ಟು ಸಾಕು.

ಆ ಸಂಜೆ ಖಲಾಸಿ ಬೀಡಿ ಹಚ್ಚಿಕೊಂಡು ಹೇಳಿದ್ದು: "ಹಗ್ಗ ಉದ್ದ ಬಿಟ್ರೆ ಅದು ನಿಧಾನ ಆಡ್ತದೆ ಸಾರ್. ನೀವು ಅವಸರ ಮಾಡಿದ್ರೆ ಅದು ಕೇಳ್ತದಾ?" ನಾನು ಇಲ್ಲಿ ಒಂಬತ್ತು ಪ್ಯಾರಾ ಬರೆದಿದ್ದೇನೆ.

ಸೆಟ್ ಮಾಡುವವರಿಗೆ ಇಷ್ಟು. ಉದ್ದ ಅಳೆಯುವ ತಾಪತ್ರಯ ಬೇಡ. ಸಾಮಾನ್ಯವಾಗಿ ಸಾಗಿಸುವ ಎತ್ತರದಲ್ಲೇ ಭಾರ ಹಿಡಿದು, ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು, ಸ್ವಲ್ಪ ತೂಗುಬಿಟ್ಟು ಮೊಬೈಲಲ್ಲಿ ಹತ್ತು ತೂಗಾಟದ ಕಾಲ ಹಿಡಿಯಿರಿ. 49 ಸೆಕೆಂಡ್ ಬಂದರೆ ರ‍್ಯಾಂಪ್ 4.9. ಬಟನ್ ಬಿಟ್ಟ ತಕ್ಷಣ ಬ್ರೇಕ್ ಕಚ್ಚುವಂತಿದ್ದರೆ ಡಿಸೆಲ್‌ನಲ್ಲಿ ಏನು ಬರೆದರೂ ನೀರಿನಲ್ಲಿ ಹೋಮ, ಡ್ರೈವ್ ಸೊನ್ನೆಗೆ ಹತ್ತಿರ ಬಂದ ಮೇಲೆ ಬ್ರೇಕ್ ಬೀಳಬೇಕು. ನನ್ನನ್ನು ಇನ್ನೊಮ್ಮೆ ಬೀಳಿಸಿದ್ದು ಸ್ಲೋ ಸ್ಪೀಡ್. ಹೆಚ್ಚಿನ ಡ್ರೈವ್‌ಗಳಲ್ಲಿ ರ‍್ಯಾಂಪ್ ಟೈಮ್ ಅಂದರೆ ಸೊನ್ನೆಯಿಂದ ಗರಿಷ್ಠ ಫ್ರೀಕ್ವೆನ್ಸಿವರೆಗಿನ ಕಾಲ. 50 ಹರ್ಟ್ಸಿಗೆ 5 ಸೆಕೆಂಡ್ ಇದ್ದರೆ 25 ಹರ್ಟ್ಸಿನ ಸ್ಲೋ ಸ್ಪೀಡ್ 2.5 ಸೆಕೆಂಡಲ್ಲೇ ಮುಗಿಯುತ್ತದೆ, ಮತ್ತೆ ಅದೇ ಅರ್ಧ ಕಾಲ. ಫುಲ್ ಸ್ಪೀಡಲ್ಲಿ ತೂಗದ ಡೈ ಸ್ಲೋದಲ್ಲಿ 12 ಸೆಂಟಿಮೀಟರ್ ತೂಗುತ್ತದೆ. ಸ್ಲೋಗೆ ಎರಡನೇ ರ‍್ಯಾಂಪ್ ಸೆಟ್ ಬೇರೆ ಕೊಡಿ. 5 ಸೆಕೆಂಡಿಗೆ ನಿಲ್ಲುವ ದೂರ 1.25 ಮೀಟರ್ ಆಗುತ್ತದೆ, ಮೊದಲ ವಾರ ಆಪರೇಟರುಗಳು ಬೈಯುತ್ತಾರೆ. ಬೈಯಲಿ. ಹೆಲ್ಪರ್‌ಗಳ ಕೈಗೆ ಎರಡು ಟ್ಯಾಗ್ ಲೈನ್ (ಭಾರಕ್ಕೆ ಕಟ್ಟಿ ದೂರದಿಂದ ಹಿಡಿಯುವ ಹಗ್ಗ) ಕೊಡಿ, ಡೈ ಮತ್ತು ಕಂಬದ ಸಂದಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ.

ನಮ್ಮ ಪ್ಯಾನೆಲ್ ಬಾಗಿಲ ಒಳಗೆ ಈಗ ಒಂದು ಚೀಟಿ ಇದೆ: "6 ಮೀ., 4.9 ಸೆ., ಮುಟ್ಟಬೇಡಿ, ಕಾರಣ ಕೇಳಿ." ಮೊನ್ನೆ ಪಕ್ಕದ ಬೇಯ (ಶೆಡ್ಡಿನ ಸಾಲಿನ) ಕ್ರೇನ್ ನಿಧಾನ, ರ‍್ಯಾಂಪ್ 4 ಇರುವುದನ್ನು 2 ಮಾಡಿ ಅಂತ ಮೇಲ್ ಬಂತು. ಅಲ್ಲಿ ಉದ್ದ 8 ಮೀಟರ್. 5.7 ಮಾಡುತ್ತೇನೆ ಅಂತ ಉತ್ತರ ಹಾಕಿದ್ದೇನೆ, ಇನ್ನೂ ಯಾರೂ ಮಾತಾಡಿಲ್ಲ.