ಮನಸ್ಸು ಕುಗ್ಗಿದರೆ ಕುಗ್ಗಲಿ

12 ನವೆಂಬರ್ 2024, ಮಂಗಳವಾರ

ಪರಿಚಯದ ಹುಡುಗಿಯೊಬ್ಬಳು ಸಂಜೆ ಫೋನ್ ಮಾಡಿದ್ದಳು. ಪರೀಕ್ಷೆಯಲ್ಲಿ ಮತ್ತೆ ಫೇಲ್. ಸಮಾಧಾನ ಹೇಳಲು ಬಂದವರೆಲ್ಲ "ಧೈರ್ಯ ಕಳ್ಕೋಬೇಡ, ಪಾಸಿಟಿವ್ ಆಗಿರು" ಅಂದರಂತೆ. ಅವಳು ಕೇಳಿದ್ದು ಒಂದೇ ಮಾತು: "ನಂಗೆ ಧೈರ್ಯ ಬರ್ತಾನೇ ಇಲ್ಲ. ಹಾಗಾದ್ರೆ ನನ್ ಕೈಲಿ ಆಗಲ್ಲ ಅಂತಾನಾ?"

ಪಾಪ, ಸೋತ ನೋವು ಸಾಲದು ಅಂತ ಬೇಜಾರಾಗಿದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ಒಳ್ಳೆಯ ಮಾತು ಹೇಳುವ ಭರದಲ್ಲಿ ಈ ಎರಡನೇ ಹೊರೆಯನ್ನು ಹೊರಿಸಿದ್ದು ನಾವೇ ಅಲ್ವಾ?

ರೈಟ್ ಸಹೋದರರ ಕಥೆ ಹೇಳಿದೆ. ಅವರು ವಿಮಾನ ಹಾರಿಸಿದ 1903 ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟವಾಗುವುದು 1901. ಆ ವರ್ಷ ಅವರು ಕಟ್ಟಿದ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಲೆಕ್ಕ ಹಾಕಿದಷ್ಟು ಮೇಲೇಳಲೇ ಇಲ್ಲ. ಇನ್ನು ಐವತ್ತು ವರ್ಷ ಮನುಷ್ಯ ಹಾರುವುದಿಲ್ಲ ಎಂದು ವಿಲ್ಬರ್ ತಮ್ಮ ಆರ್ವಿಲ್‌ಗೆ ಹೇಳಿಬಿಟ್ಟ. 1908ರ ಭಾಷಣವೊಂದರಲ್ಲಿ ಅವನೇ ಇದನ್ನು ನೆನೆದಿದ್ದಾನೆ. ಹೀಗೆಂದವನನ್ನು ಪಾಸಿಟಿವ್ ಮನುಷ್ಯ ಅಂತ ಯಾರೂ ಕರೆಯಲಾರರು.

ಆದರೆ ಆ ಮಾತಾಡಿದ ಕೆಲವೇ ತಿಂಗಳಲ್ಲಿ ಅಣ್ಣತಮ್ಮ ತಮ್ಮ ಸೈಕಲ್ ಅಂಗಡಿಯಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆ ಮಾಡಿಕೊಂಡರು. ಒಂದು ತುದಿಯಲ್ಲಿ ಫ್ಯಾನ್. ಒಳಗೆ ಪುಟ್ಟ ಪುಟ್ಟ ಲೋಹದ ರೆಕ್ಕೆಗಳು. ಗಾಳಿ ರೆಕ್ಕೆಯನ್ನು ಎಷ್ಟು ಎತ್ತುತ್ತದೆ ಎಂದು ಅಳೆಯಲು ಗರಗಸದ ಬ್ಲೇಡು, ಸೈಕಲ್ ಕಡ್ಡಿಗಳಿಂದಲೇ ತಕ್ಕಡಿ. ಸುಮಾರು 200 ಆಕಾರಗಳನ್ನು ಹೀಗೆ ಪರೀಕ್ಷಿಸಿದರು. ಈ ಹುಡುಕಾಟದಲ್ಲಿ ಗುಟ್ಟು ಹೊರಬಿತ್ತು. ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ನೂರು ವರ್ಷಕ್ಕೂ ಮಿಗಿಲಾಗಿ ಹಲವರು ನಂಬಿಕೊಂಡು ಬಂದಿದ್ದ ಅಂಕಿಯೇ ತಪ್ಪಾಗಿತ್ತು! 0.005 ಅಂತ ಹಿಡಿದಿದ್ದರು. ನಿಜಕ್ಕೂ ಅದು ಸುಮಾರು 0.0033. ಹೊಸ ಲೆಕ್ಕದಲ್ಲಿ ಕಟ್ಟಿದ 1902ರ ಗ್ಲೈಡರ್ ಚೆನ್ನಾಗಿ ಹಾರಿತು.

ಆಗಲ್ಲ ಅನ್ನಿಸುವುದು ಬೇರೆ, ಕೈಬಿಡುವುದು ಬೇರೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಕೈತಪ್ಪಿದಾಗ ಇಸ್ರೋ ಅಧ್ಯಕ್ಷರು ಎಲ್ಲರ ಕಣ್ಣೆದುರೇ ಅತ್ತರು. ಅತ್ತರೆ ಏನಾಯಿತು? ಅದೇ ಸಂಸ್ಥೆ ಮುಂದಿನ ಲ್ಯಾಂಡರ್‌ನ ಕಾಲುಗಳನ್ನು ಗಟ್ಟಿ ಮಾಡಿತು. ಇಂಧನ ಜಾಸ್ತಿ ತುಂಬಿತು. ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು.

ಅವಳಿಗೆ ಇಷ್ಟೇ ಹೇಳಿದೆ. ಬೇಜಾರು ಇದ್ದರೆ ಇರಲಿ, ಅದನ್ನು ಓಡಿಸಲು ಸುಮ್ನೆ ಒದ್ದಾಡಬೇಡ. ಬೇಜಾರಲ್ಲೇ ಉತ್ತರಪತ್ರಿಕೆ ತರಿಸಿ ನೋಡು. ಅಂಕ ಹೋಗಿದ್ದು ಎಲ್ಲಿ? ಓದದೇ ಹೋಯಿತಾ, ಓದಿದ್ದು ನೆನಪಾಗದೇ ಹೋಯಿತಾ, ಟೈಮ್ ಸಾಲದೇ ಹೋಯಿತಾ? ಒಂದೊಂದಕ್ಕೂ ಮದ್ದು ಬೇರೆ. "ಇನ್ನೂ ಕಷ್ಟಪಟ್ಟು ಓದು" ಅನ್ನುವ ಮಾತಿನ ತೊಂದರೆಯೇ ಇದು. ಎಲ್ಲಾ ಕಾಯಿಲೆಗೂ ಒಂದೇ ಮಾತ್ರೆ ಕೊಡುತ್ತದೆ.

ಗೆದ್ದ ಮೇಲೂ ಈ ತಪ್ಪು ಹುಡುಕುವ ಕೆಲಸ ಮುಗಿಯುವುದಿಲ್ಲ ಅನ್ನುವುದನ್ನು ಹೇಳಲು ಇವತ್ತು ಸಮಯವಾಗಲಿಲ್ಲ. ಇಲ್ಲಿ ಬರೆದಿಡುತ್ತೇನೆ. 1903ರ ಮೊದಲ ಹಾರಾಟ ಬರೀ 12 ಸೆಕೆಂಡಿನದು. ಜಗತ್ತಿನಲ್ಲೇ ಮೊದಲು ಎಂದು ಬೀಗಿ ಕೂರಬಹುದಿತ್ತು. ಆದರೆ ವಿಮಾನದ ಮೂಗು ಮೇಲೆ ಕೆಳಗೆ ಹೊಯ್ದಾಡುತ್ತಲೇ ಇತ್ತು. 1905ರಲ್ಲಿ ಒಮ್ಮೆ ಜೋರಾಗಿಯೇ ನೆಲಕ್ಕೆ ಬಡಿಯಿತು. ಅವರು ಮೂಗನ್ನು ಏರಿಳಿಸುವ ಮುಂಭಾಗದ ಚುಕ್ಕಾಣಿಯನ್ನು ದೊಡ್ಡದು ಮಾಡಿ ಇನ್ನಷ್ಟು ಮುಂದಕ್ಕೆ ಕೂರಿಸಿದರು. ಅದೇ ವರ್ಷ ಅಕ್ಟೋಬರ್ 5ರಂದು ವಿಲ್ಬರ್ 39 ನಿಮಿಷ ಹಾರಿದ. ಇಂಧನ ಮುಗಿದಿದ್ದಕ್ಕೆ ಇಳಿದ.