ಬೆನ್ನು ನೋಡಿ ವಿಮಾನ ಯಾರದ್ದು ಅಂತ ಹೇಳುವುದು: ಮೂರನೇ ತಿಂಗಳು

ಕಳೆದ ಸಲ ಬರೆದಾಗ ನನ್ನ ಪಟ್ಟಿಯಲ್ಲಿ 22 ವಿಮಾನಗಳಿದ್ದವು. ಈಗ 61 ಆಗಿವೆ. ಅವುಗಳಲ್ಲಿ ಮೊನ್ನೆವರೆಗೆ 44ರ ಮುಂದೆ ಏರ್‌ಲೈನ್ಸ್ ಹೆಸರು ಬರೆದಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಉಪಗ್ರಹ ಚಿತ್ರಗಳಲ್ಲಿ ನಿಲ್ದಾಣದಲ್ಲಿ ನಿಂತಿರುವ ವಿಮಾನಗಳನ್ನು ಹುಡುಕಿ, ಮೈಬಣ್ಣ ನೋಡಿ ಅವು ಯಾರದ್ದು ಅಂತ ಗುರುತಿಸುತ್ತಿದ್ದೇನೆ. ತೊಡಕು ಏನೆಂದರೆ, ಏರ್‌ಲೈನ್ಸ್‌ನವರು ಬಣ್ಣ ಬಳಿಸುವುದು ಪಕ್ಕದಿಂದ ನೋಡುವವರಿಗಾಗಿ. ಹೆಸರು ಕಿಟಕಿಗಳ ಹತ್ತಿರ, ಲೋಗೋ ಬಾಲದ ಮೇಲೆ. ನೆತ್ತಿಯಿಂದ ನೋಡಿದರೆ ಬಾಲ ಒಂದು ಗೆರೆಯಷ್ಟೇ. ರೆಕ್ಕೆಗಳು ಹೆಚ್ಚುಕಡಿಮೆ ಎಲ್ಲರದ್ದೂ ಬೂದು. ಉಳಿಯುವುದು ಬೆನ್ನು. ಅದೂ ಜಾಸ್ತಿ ಜನರದ್ದು ಬಿಳಿಯೇ.

ಅದಕ್ಕೇ ಬೆನ್ನಿಗೆ ಬಣ್ಣ ಇರುವವರನ್ನು ಮೊದಲು ಮುಗಿಸಿದೆ. ಜರ್ಮನಿಯ ಏರ್‌ಲೈನ್ಸ್ ಕಾಂಡೋರ್ ಬಹಳ ಸುಲಭ. 2022ರಿಂದ ಅವರ ವಿಮಾನಗಳ ಮೈಸುತ್ತ ಅಗಲವಾದ ಅಡ್ಡಪಟ್ಟೆಗಳಿವೆ, ಮೇಲಿನಿಂದಲೂ ಹಾಗೇ ಕಾಣುತ್ತವೆ. ಹಳದಿ ಬೆನ್ನು ಕಂಡರೆ ಸರಕು ಸಾಗಿಸುವ ಡಿಎಚ್‌ಎಲ್ ಇರಬಹುದು, 2014ರ ನಂತರದ ಚಿತ್ರವಾದರೆ ಅಮೆರಿಕದ ಏರ್‌ಲೈನ್ಸ್ ಸ್ಪಿರಿಟ್ ಕೂಡ ಇರಬಹುದು. ಆಗ ರೆಕ್ಕೆಯ ತುದಿಯಿಂದ ತುದಿಗೆ ಅಳೆಯುತ್ತೇನೆ. 60 ಮೀಟರ್ ದಾಟಿದರೆ ಸ್ಪಿರಿಟ್ ಅಲ್ಲ, ಅಷ್ಟು ದೊಡ್ಡ ವಿಮಾನ ಅವರ ಬಳಿ ಇರಲೇ ಇಲ್ಲ.

ಈ ತಿಂಗಳು ಜಾಸ್ತಿ ಸಮಯ ಹೋಗಿದ್ದು ಪಿಕ್ಸೆಲ್ ಲೆಕ್ಕಕ್ಕೆ. ವರ್ಲ್ಡ್‌ವ್ಯೂ-3 ಉಪಗ್ರಹದ ಕಪ್ಪು-ಬಿಳುಪು ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 31 ಸೆಂಟಿಮೀಟರ್. ಬಣ್ಣದ ಚಿತ್ರದಲ್ಲಿ ಮಾತ್ರ 1.24 ಮೀಟರ್. ನಾವು ನೋಡುವುದು ಎರಡನ್ನೂ ಬೆರೆಸಿದ ಚಿತ್ರ. ಏರ್‌ಬಸ್ ಎ320 ವಿಮಾನದ ಮೈ ಅಗಲ 3.95 ಮೀಟರ್. ಅಂದರೆ ಆಕಾರ ತೋರಿಸಲು ಹನ್ನೆರಡು ಹದಿಮೂರು ಪಿಕ್ಸೆಲ್ ಇವೆ, ಬಣ್ಣಕ್ಕೆ ಬರೀ ಮೂರು. ಆ ಮೂರರಲ್ಲೂ ಅಂಚಿನ ಎರಡಕ್ಕೆ ಪಕ್ಕದ ಕಾಂಕ್ರೀಟಿನ ಬಣ್ಣ ಸೇರಿಕೊಂಡಿರುತ್ತದೆ. ನಂಬಬಹುದಾದದ್ದು ನಡುವಿನ ಒಂದೇ ಒಂದು! ಇದು ಗೊತ್ತಾದ ಮೇಲೆ ಬಣ್ಣವನ್ನು ಬೆನ್ನಿನ ನಟ್ಟನಡುವಿನಿಂದ ಮಾತ್ರ ತೆಗೆದುಕೊಳ್ಳುತ್ತಿದ್ದೇನೆ. ಹಳೆಯ 22ನ್ನೂ ಮತ್ತೆ ನೋಡಿ ಮೂರು ಹೆಸರು ತಿದ್ದಿದೆ.

ಹಾರುತ್ತಿರುವ ವಿಮಾನಗಳನ್ನು ಬಿಟ್ಟಿದ್ದೇನೆ. ಒಂದೊಂದು ಬಣ್ಣ ಒಂದೊಂದು ಕ್ಷಣದಲ್ಲಿ ದಾಖಲಾಗುವುದರಿಂದ ಅವುಗಳ ಪಕ್ಕದಲ್ಲಿ ಕಾಮನಬಿಲ್ಲಿನಂಥ ನೆರಳುಗಳು ಬರುತ್ತವೆ.

ಈಗ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣದಲ್ಲಿ ಕಂಡ ಒಂದು ಬೋಯಿಂಗ್ 747ರ ವಿಷಯ. ತಿಳಿನೀಲಿ ಬೆನ್ನು, ಜಾಗ ಆಮ್‌ಸ್ಟರ್‌ಡ್ಯಾಮ್. ಮೊದಲು ಸುಮ್ನೆ ಅಲ್ಲಿನದೇ ಡಚ್ ಏರ್‌ಲೈನ್ಸ್ ಕೆಎಲ್‌ಎಂ ಅಂತ ಬರೆದುಬಿಟ್ಟಿದ್ದೆ. ಆದರೆ ಕೊರಿಯನ್ ಏರ್‌ನ ಬೆನ್ನೂ ತಿಳಿನೀಲಿಯೇ ಅಲ್ವಾ? ಅವರ 747ಗಳೂ ಅಲ್ಲಿಗೆ ಸರಕು ತರುತ್ತವೆ. ಉದ್ದ ಅಳೆದೆ. 76 ಮೀಟರ್ ಬಂದಿದ್ದರೆ ಅದು 747-8 ಅಂತ ಆಗಿ ಅಲ್ಲಿಗೇ ಮುಗಿಯುತ್ತಿತ್ತು, ಕೆಎಲ್‌ಎಂ ಬಳಿ ಆ ಮಾದರಿ ಇರಲಿಲ್ಲ. ಬಂದದ್ದು 71ರ ಹತ್ತಿರ. ಅಂದರೆ 747-400. ಅದು ಇಬ್ಬರ ಬಳಿಯೂ ಇತ್ತು.

ಕೊನೆಗೆ ದಾರಿ ತೋರಿಸಿದ್ದು ಚಿತ್ರದ ಓರೆ. ಉಪಗ್ರಹ ಅದನ್ನು ಸುಮಾರು 20 ಡಿಗ್ರಿ ವಾಲಿಕೊಂಡು, ವಿಮಾನದ ಪಕ್ಕದ ಕಡೆಯಿಂದ ತೆಗೆದಿತ್ತು. 747ರ ಬಾಲ ಬೆನ್ನಿನಿಂದ 10 ಮೀಟರಿನಷ್ಟು ಮೇಲೆದ್ದು ನಿಂತಿರುತ್ತದೆ. ಅಷ್ಟು ಓರೆಯಲ್ಲಿ ಅದು ಚಿತ್ರದಲ್ಲಿ ಮೂರೂವರೆ ಮೀಟರ್ ಪಕ್ಕಕ್ಕೆ ಒರಗಿದಂತೆ ಕಾಣುತ್ತದೆ. ಕೆಎಲ್‌ಎಂನ ಬಾಲ ಬಿಳಿ. ಕೊರಿಯನ್ ಏರ್‌ನದ್ದು 2025ರಲ್ಲಿ ಹೊಸ ಬಣ್ಣ ಬರುವ ಮೊದಲು ತುದಿವರೆಗೂ ನೀಲಿ, ನಡುವೆ ಕೆಂಪು-ನೀಲಿಯ ಉರುಟು ಚಿಹ್ನೆ. ಚಿತ್ರವನ್ನು ಎಷ್ಟು ಸಾಧ್ಯವೋ ಅಷ್ಟು ಹಿಗ್ಗಿಸಿದೆ. ತಿಳಿನೀಲಿಯ ನಡುವೆ ಮಾಸಿದ ಕುಂಕುಮದಂಥ ಒಂದು ಕಲೆ ಇತ್ತು. ಎಷ್ಟು ಖುಷಿಯಾಯಿತು ಅಂದರೆ, ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ಕೆಎಲ್‌ಎಂ ಹೊಡೆದುಹಾಕಿ ಕೊರಿಯನ್ ಏರ್ ಅಂತ ಬರೆದೆ.

ಉಳಿದ 17ರಲ್ಲಿ ಹೆಚ್ಚಿನವು ಪೂರ್ತಿ ಬಿಳಿ ಬೆನ್ನಿನವು. ಅವುಗಳಿಗೆ ಈಗ ಎಂಜಿನ್ ಹೊದಿಕೆಯ ಬಣ್ಣ ನೋಡುತ್ತಿದ್ದೇನೆ. ನಿನ್ನೆ ಲಂಡನ್ನಿನ ಹೀಥ್ರೂ ಚಿತ್ರದಲ್ಲಿ ಒಂದು ಎ330ರ ರೆಕ್ಕೆಗಳ ಮುಂದೆ ಎರಡು ಕೆಂಪು ಚುಕ್ಕೆ ಕಂಡವು. ವರ್ಜಿನ್ ಅಟ್ಲಾಂಟಿಕ್. ಪಟ್ಟಿಯ 45ನೇ ಹೆಸರು.