ಸಂಜೆ ಆರರ ಮೇಲೆ ಕಾಮಗಾರಿ ಜಾಗ ಕಾಯುವವರು ಯಾರು?

ರಸ್ತೆ ಕಾಮಗಾರಿಯ ಟ್ರಾಫಿಕ್ ಪ್ಲಾನ್ ಅಂದರೆ ನಮ್ಮಲ್ಲಿ ಬಹುಮಟ್ಟಿಗೆ ಹಗಲಿನ ಪ್ಲಾನ್. ಡ್ರಾಯಿಂಗಿನಲ್ಲಿ ಫ್ಲಾಗ್‌ಮನ್ (ವಾಹನ ತಡೆದು ಬಿಡುವವನು), ಜೆಸಿಬಿ, ಸೂಪರ್‌ವೈಸರ್ ಎಲ್ಲರೂ ಇರುತ್ತಾರೆ. ಸಂಜೆ ಆರಕ್ಕೆ ಎಲ್ಲ ಹೊರಟ ಮೇಲೆ ಉಳಿಯುವುದು ಗುಂಡಿ, ಮಣ್ಣಿನ ರಾಶಿ, ನಾಲ್ಕು ಡ್ರಮ್ಮು. ಜನ ಬೀಳುವುದು ಆ ಹೊತ್ತಿನಲ್ಲಿ. ಹಾಗಾಗಿ ಪ್ಲಾನನ್ನು ರಾತ್ರಿಗೆ ಮೊದಲು ಬರೆಯಬೇಕು. ರಾತ್ರಿಗೆ ಸರಿಯಾದದ್ದರ ಮೇಲೆ ಹಗಲಿಗೆ ಬೇಕಾದ್ದನ್ನು ಸೇರಿಸುವುದು ಕಷ್ಟವಲ್ಲ.

ಉದಾಹರಣೆಗೆ 7 ಮೀಟರ್ ಅಗಲದ ದ್ವಿಪಥ ರಾಜ್ಯ ಹೆದ್ದಾರಿ ತೆಗೆದುಕೊಳ್ಳೋಣ. ಹಳೇ ಮೋರಿ ಒಡೆದು ಬಾಕ್ಸ್ ಕಲ್ವರ್ಟ್ (ಪೆಟ್ಟಿಗೆಯಾಕಾರದ ಕಾಂಕ್ರೀಟ್ ಮೋರಿ) ಕಟ್ಟುವ ಕೆಲಸ; ಅರ್ಧ ರಸ್ತೆ ಮುಚ್ಚಿದೆ, ಇನ್ನರ್ಧದಲ್ಲಿ ವಾಹನ ಸರದಿಯಲ್ಲಿ ಹೋಗಬೇಕು. ಕಾಮಗಾರಿ ಜಾಗದ ಸಂಚಾರ ನಿರ್ವಹಣೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರತಂದ ಮಾರ್ಗಸೂಚಿ ಎಸ್‌ಪಿ 55 (2014ರ ಪರಿಷ್ಕರಣೆ) ಜಾಗವನ್ನು ನಾಲ್ಕು ಭಾಗ ಮಾಡುತ್ತದೆ: ಮುನ್ನೆಚ್ಚರಿಕೆ, ಲೇನ್ ಕಿರಿದಾಗುವ ಟೇಪರ್, ಕೆಲಸದ ಜಾಗ, ಮತ್ತೆ ಅಗಲವಾಗುವ ಕೊನೆ ಭಾಗ. ಬರುವ ವಾಹನಗಳ ವೇಗ ಗಂಟೆಗೆ 51ರಿಂದ 80 ಕಿ.ಮೀ. ಇದ್ದಲ್ಲಿ ಮುನ್ನೆಚ್ಚರಿಕೆಗೆ 100ರಿಂದ 300 ಮೀಟರ್, ಟೇಪರ್‌ಗೆ 50ರಿಂದ 100 ಮೀಟರ್. ನನ್ನ ಅಭಿಪ್ರಾಯದಲ್ಲಿ ಯಾವಾಗಲೂ ದೊಡ್ಡ ಅಂಕಿಯನ್ನೇ ಹಿಡಿಯಬೇಕು. ಕಾರಣ, ವಾಹನಗಳ ಸಾಲು. ಒಂದು ದಿಕ್ಕಿನಲ್ಲಿ ಗಂಟೆಗೆ 300 ವಾಹನ ಬರುತ್ತವೆ, 3 ನಿಮಿಷ ತಡೆದಿದ್ದೀರಿ ಅಂದರೆ 15 ವಾಹನ ನಿಂತವು. ಲಾರಿ, ಬಸ್ಸು, ಕಾರು ಸೇರಿ ಸರಾಸರಿ 10 ಮೀಟರ್ ಅಂದುಕೊಂಡರೂ ಸಾಲು 150 ಮೀಟರ್. 'ಮುಂದೆ ಕಾಮಗಾರಿ' ಫಲಕ 100 ಮೀಟರಿನಲ್ಲಿದ್ದರೆ ಸಾಲಿನ ಬಾಲ ಅದನ್ನೂ ದಾಟಿ ಹಿಂದಕ್ಕೆ ಹೋಯಿತು. 80ರಲ್ಲಿ ಬರುವ ಲಾರಿಗೆ ನಿಲ್ಲಲು ಸುಮಾರು 120 ಮೀಟರ್ ಬೇಕು. ಅದರ ಚಾಲಕನಿಗೆ ಮೊದಲು ಕಾಣುವುದು ಫಲಕವಲ್ಲ, ನಿಂತ ಬಸ್ಸಿನ ಹಿಂಭಾಗ. ಮುಂದೆ ತಿರುವೋ ಏರೋ ಇದ್ದರೆ ಫಲಕ ಅದಕ್ಕಿಂತ ಮೊದಲೇ ಬರಬೇಕು, ಎಸ್‌ಪಿ 55ರ ಟೇಬಲ್ ಏನೇ ಹೇಳಲಿ.

ಸರದಿ ಬಿಡುವಾಗಿನ ಲೆಕ್ಕ ಇನ್ನೊಂದು. ಎರಡೂ ತುದಿಯ ಫ್ಲಾಗ್‌ಮನ್‌ಗಳ ನಡುವೆ 150 ಮೀಟರ್ ಇದ್ದರೆ ಗಂಟೆಗೆ 20 ಕಿ.ಮೀ. ವೇಗದ ವಾಹನಕ್ಕೆ 27 ಸೆಕೆಂಡ್ ಸಾಕು. ಆದರೆ ಮಂಡ್ಯದ ಕಡೆ ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 10 ಕಿ.ಮೀ. ವೇಗದಲ್ಲಿ ಬಂದರೆ 54 ಸೆಕೆಂಡ್. ಗಡಿಯಾರ ನೋಡಿ ಎದುರಿನವರನ್ನು ಬಿಟ್ಟರೆ ಮಧ್ಯದಲ್ಲಿ ಮುಖಾಮುಖಿ, ಮತ್ತು ಆ ಟ್ರ್ಯಾಕ್ಟರ್ ರಿವರ್ಸ್ ಬರಲಾರದು. ಆದ್ದರಿಂದ ಕೊನೆಯ ವಾಹನದ ನಂಬರನ್ನು ವಾಕಿ-ಟಾಕಿಯಲ್ಲಿ ಹೇಳುವುದು, ಅದು ಆ ಕಡೆ ದಾಟಿದ ಮೇಲೆಯೇ ಕೈಯಲ್ಲಿನ ಫಲಕವನ್ನು 'ಗೋ' ಕಡೆಗೆ ತಿರುಗಿಸುವುದು. ವಾಕಿ-ಟಾಕಿ ಇಲ್ಲದಿದ್ದರೆ ಕೊನೆಯ ಚಾಲಕನ ಕೈಗೆ ಒಂದು ಕೆಂಪು ಕೋಲು ಕೊಟ್ಟು, ಅದು ಆ ತುದಿ ಸೇರಿದ ಮೇಲೆಯೇ ಎದುರಿನವರನ್ನು ಬಿಡುವ ಹಳೇ ಪದ್ಧತಿ ಇಂದಿಗೂ ಚೆನ್ನಾಗಿಯೇ ನಡೆಯುತ್ತದೆ. ಫ್ಲಾಗ್‌ಮನ್ ಲೇನ್ ಮಧ್ಯೆ ನಿಲ್ಲಬಾರದು. ಶೋಲ್ಡರ್ (ರಸ್ತೆ ಪಕ್ಕದ ಪಟ್ಟಿ) ಮೇಲೆ, ವಾಹನಕ್ಕೆ ಮುಖ ಮಾಡಿ, ಓಡಿಹೋಗಲು ಹಿಂದೆ ಜಾಗ ಇಟ್ಟುಕೊಂಡು ನಿಲ್ಲಬೇಕು. ಫ್ಲಾಗ್‌ಮನ್‌ಗಳು ರಾತ್ರಿ ಮನೆಗೆ ಹೋಗುತ್ತಾರೆ ಅಂದರೆ ಒಂದೇ ಲೇನಿನ ಸರದಿಯೂ ರಾತ್ರಿ ಇರುವಂತಿಲ್ಲ. ರಾತ್ರಿ ಪಾಳಿಗೆ ಇಬ್ಬರನ್ನು ಹಾಕಿ, ಇಲ್ಲವೇ ತಾತ್ಕಾಲಿಕ ಸಿಗ್ನಲ್ ಇಡಿ, ಇಲ್ಲವೇ ಡೈವರ್ಶನ್ ಕಟ್ಟಿ ಎರಡೂ ಲೇನ್ ಬಿಡಿ.

ಇನ್ನು ಗುಂಡಿಯ ಅಂಚು. ಬಣ್ಣ ಬಳಿದ ಕಲ್ಲು ಸಾಲಾಗಿ ಇಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಡಿಮ್ ಲೈಟಿನಲ್ಲಿ ದೂಳು ಹಿಡಿದ ಕಲ್ಲು ಕಾಣುವುದು 30 ಮೀಟರ್ ಸಮೀಪಕ್ಕೆ ಬಂದ ಮೇಲೆ, 50 ಕಿ.ಮೀ. ವೇಗದ ಬೈಕಿಗೆ ಅದು ಬರೀ ಎರಡು ಸೆಕೆಂಡಿನ ದಾರಿ. ಬೈಕಿನವನು ಗುಂಡಿ ತಪ್ಪಿಸಿಕೊಂಡರೂ ಕಲ್ಲಿಗೆ ಬೀಳುತ್ತಾನೆ. ಎರಡು ಕಂಬಕ್ಕೆ ಕಟ್ಟಿದ ಕೆಂಪು-ಬಿಳಿ ಟೇಪ್ ಕೂಡ ತಡೆಯಲ್ಲ, ಅದೊಂದು ದಾರ ಅಷ್ಟೇ. ಆಳದ ಗುಂಡಿಗೆ ಒಂದಕ್ಕೊಂದು ಜೋಡಿಸಿದ ಗಟ್ಟಿ ಬ್ಯಾರಿಯರ್ ಬೇಕು. ಗುಂಡಿಯ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಬಿಡಿ, ಮಣ್ಣು ಸಡಿಲವಿದ್ದರೆ ಒಂದು ಮೀಟರಿಗೂ ಹೆಚ್ಚು. ಪ್ಲಾಸ್ಟಿಕ್ ಬ್ಯಾರಿಯರ್ ಹಾಕಿದಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು: ತಂದಿಟ್ಟರು, ನೀರು ತುಂಬಿಸಲಿಲ್ಲ. ಅಥವಾ ತುಂಬಿಸಿದರು, ಕೆಳಗಿನ ಬಿರಡೆ ಕಳುವಾಗಿ ಬೆಳಗಾಗುವಷ್ಟರಲ್ಲಿ ಖಾಲಿ. ಖಾಲಿ ಬ್ಯಾರಿಯರನ್ನು ಲಾರಿ ಗಾಳಿಯೇ ಸರಿಸಿಬಿಡುತ್ತದೆ. ಕಾಲಿನಿಂದ ಒಮ್ಮೆ ತಳ್ಳಿ ನೋಡಿ, ಅಲುಗಿದರೆ ಖಾಲಿ.

ಮಳೆಗಾಲದಲ್ಲಿ ಇದು ಇನ್ನೂ ಘೋರ. ಗುಂಡಿ ನೀರು ತುಂಬಿ ರಸ್ತೆ ಮಟ್ಟಕ್ಕೆ ನಿಂತರೆ, ಹೆಡ್‌ಲೈಟಿನಲ್ಲಿ ಅದು ಒದ್ದೆ ಡಾಂಬರಿನಂತೆಯೇ ಹೊಳೆಯುತ್ತದೆ. ಎರಡು ಮೀಟರ್ ಆಳವೋ, ಎರಡು ಇಂಚಿನ ನೀರೋ, ಚಾಲಕನಿಗೆ ಗೊತ್ತಾಗುವ ದಾರಿಯೇ ಇಲ್ಲ. ಗುಂಡಿ ಮುಚ್ಚಲು ಹಾಸುವ ಕಬ್ಬಿಣದ ಶೀಟು ಮಳೆಯಲ್ಲಿ ಸಾಬೂನಿನಂತೆ ಜಾರುತ್ತದೆ, ಅಂಚು ಮೇಲೆದ್ದಿದ್ದರೆ ಟೈರ್ ಸೀಳುತ್ತದೆ. ಗೀರು ಮೈಯ ಚೆಕರ್ಡ್ ಪ್ಲೇಟ್ ಹಾಕಿ, ಅಂಚಿಗೆ ಡಾಂಬರು ಮಿಕ್ಸಿನಿಂದ ಇಳಿಜಾರು ಕೊಡಬೇಕು. ಹೊಸ ಡಾಂಬರು ಪದರ ಅರ್ಧಕ್ಕೆ ನಿಂತ ಜಾಗಕ್ಕೂ ಇದೇ ಮಾತು: 50 ಮಿ.ಮೀ. ದಪ್ಪಕ್ಕೆ ಕನಿಷ್ಠ ಒಂದೂವರೆ ಮೀಟರ್ ಇಳಿಜಾರು. ಅಲ್ಲಿ ಉದುರಿದ ಜಲ್ಲಿಯನ್ನು ಸಂಜೆ ಗುಡಿಸಲೇಬೇಕು. ಬ್ರೇಕ್ ಹಾಕುವ ಜಾಗದಲ್ಲಿ ಬಿದ್ದ ಒಂದು ಬುಟ್ಟಿ ಜಲ್ಲಿ ಬೈಕಿನವನನ್ನು ಕೆಡವಲು ಸಾಕು.

ಫಲಕ ಇದೆ ಅಂದರೆ ಕಾಣುತ್ತದೆ ಅಂತಲ್ಲ. ಕೆಮ್ಮಣ್ಣಿನ ದೂಳು ಒಂದು ವಾರದಲ್ಲಿ ಫಲಕದ ಪ್ರತಿಫಲಕ ಹಾಳೆಯನ್ನು (ಹೆಡ್‌ಲೈಟ್ ಬಿದ್ದಾಗ ಹೊಳೆಯುವ ಹಾಳೆ) ಮಂಕು ಮಾಡುತ್ತದೆ. ಹಗಲಿನಲ್ಲಿ ಅಕ್ಷರ ಚೆನ್ನಾಗಿಯೇ ಓದಿಸಿಕೊಳ್ಳುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಒಂದು ಬಕೆಟ್ ನೀರು, ಒಂದು ಬಟ್ಟೆ, ದಿನಾ ಸಂಜೆ ಹತ್ತು ನಿಮಿಷ. ಫಲಕದ ಕಾಲಿಗೆ ಮರಳು ಚೀಲ ಇಡಿ, ಕಲ್ಲಲ್ಲ. ಡ್ರಮ್ಮಿಗೂ ಮರಳೇ, ಅದೂ ತಳದಲ್ಲಿ ಮಾತ್ರ.

ಪರೀಕ್ಷೆ ಹೀಗೆ ಮಾಡಿ: ಕತ್ತಲಾದ ಮೇಲೆ, ಡಿಮ್ ಲೈಟಿನಲ್ಲಿ, ಎರಡೂ ದಿಕ್ಕಿನಿಂದ ಒಂದೊಂದು ಸಲ ಕಾರಿನಲ್ಲಿ, ಒಂದೊಂದು ಸಲ ಬೈಕಿನಲ್ಲಿ ಹಾದುಹೋಗುವುದು. ಜಾಗದ ಪರಿಚಯ ಇಲ್ಲದ ಒಬ್ಬರನ್ನು ಹಿಂದೆ ಕೂರಿಸಿಕೊಂಡು, "ಈಗ ಯಾವ ಕಡೆ ಹೋಗಬೇಕು?" ಅಂತ ಕೇಳಿ. ಉತ್ತರ ತಡವಾದ ಜಾಗದಲ್ಲಿ ಫಲಕವೋ ಕೋನೋ ಕಡಿಮೆಯಿದೆ. ಫೋಟೊ ತೆಗೆದು ಸಮಯದೊಂದಿಗೆ ಲಾಗ್‌ಬುಕ್ಕಿಗೆ ಸೇರಿಸಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಬಂದ 198ಎ ಕಲಂ ಪ್ರಕಾರ, ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರರಿಗೂ ಕನ್ಸಲ್ಟೆಂಟರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮನೆಯ ದುಡಿಯುವ ಕೈ ಕಳೆದುಕೊಂಡವರ ಮುಂದೆ ಆ ಮೊತ್ತ ತೀರಾ ಸಣ್ಣದು.

ದುಡ್ಡಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸುರಕ್ಷತೆಯ ಸಾಮಾನನ್ನು ಬೇರೆ ಐಟಂಗಳ ದರದಲ್ಲಿ ಅಡಕ ಅಂತ ಟೆಂಡರಿನಲ್ಲಿ ಬರೆದರೆ, ಕಡಿಮೆ ದರ ಹಾಕಿ ಕೆಲಸ ಹಿಡಿದವರು ಮೊದಲು ಉಳಿಸುವುದು ಅದರಲ್ಲೇ. ಬ್ಯಾರಿಯರ್ ಇಷ್ಟು ಮೀಟರ್, ಬ್ಲಿಂಕರ್ (ಮಿನುಗುವ ದೀಪ) ಇಷ್ಟು, ರಾತ್ರಿ ಪಾಳಿ ಇಷ್ಟು ಜನ ಅಂತ ಬೇರೆ ಐಟಂ ಮಾಡಿ, ತಿಂಗಳ ಬಿಲ್ಲಿನಲ್ಲಿ ಅಳೆದು ಕೊಟ್ಟರೆ ಸಾಮಾನು ಸೈಟಿಗೆ ಬರುತ್ತದೆ.

ಹಾಕುವಾಗ ಅತಿ ದೂರದ ಫಲಕದಿಂದ ಶುರು ಮಾಡಿ ವಾಹನ ಬರುವ ದಿಕ್ಕಿನಲ್ಲೇ ಒಳಗೆ ಬನ್ನಿ, ಆಮೇಲೆ ಟೇಪರಿನ ಕೋನ್, ಕೊನೆಗೆ ಬ್ಯಾರಿಯರ್. ತೆಗೆಯುವಾಗ ಪೂರ್ತಿ ಉಲ್ಟಾ. ದೂರದ ಫಲಕ ಕಟ್ಟಕಡೆಗೆ. ಅದನ್ನೂ ಮರೆಯದೆ ತೆಗೆಯಿರಿ. ಕೆಲಸ ಮುಗಿದು ತಿಂಗಳಾದರೂ ನಿಂತಿರುವ 'ಮುಂದೆ ಕಾಮಗಾರಿ' ಫಲಕವನ್ನು ದಿನಾ ನೋಡಿದ ಬಸ್ ಚಾಲಕ, ಹತ್ತು ಕಿಲೋಮೀಟರ್ ಆಚೆ ನಿಜವಾಗಿ ಗುಂಡಿ ಇರುವ ಕಡೆಯ ಫಲಕಕ್ಕೂ ವೇಗ ಇಳಿಸುವುದಿಲ್ಲ.